ಟ್ಯಾಗ್ ಹರಿಯದ ಕೆಂಪು ಸೀರೆ

ನನ್ನ ಗಂಡ ತೀರಿಕೊಂಡು ಎಂಟು ವರ್ಷವಾಯಿತು. ಅಂದಿನಿಂದ ಕೆಂಪು ಬಣ್ಣಕ್ಕೂ ನನಗೂ ಸೋಡಚೀಟಿ, ಪೂರಾ ವಿಚ್ಛೇದನ (ಅಡುಗೆಮನೆ ಒಂದನ್ನು ಬಿಟ್ಟು). ಕೆಂಪು ಸೀರೆ ಉಡಬಾರದು, ಕುಂಕುಮ ಮುಟ್ಟಬಾರದು. ಆದರೆ ನಾನಿರುವ ಸೊಲ್ಲಾಪುರದ ತಮ್ಮನ ಮನೆಯಲ್ಲಿ ವರ್ಷದ ಕೆಂಪು ಖಾರವನ್ನೆಲ್ಲ ನಾನೇ ಕುಟ್ಟಬೇಕು. ಆಗ ನನ್ನ ಕಣ್ಣು, ಮೂಗು ಎಷ್ಟು ಕೆಂಪಾದರೂ ಯಾವ ಶಾಸ್ತ್ರವೂ ಅಡ್ಡ ಬರುವುದಿಲ್ಲ. ನಮ್ಮ ಹಳ್ಳಿ ನಾಗಣಸೂರಿಗೆಂದು ನನ್ನನ್ನು ಕೆಂಪು ಎಸ್‌ಟಿ ಬಸ್ಸು ಹತ್ತಿಸುವಾಗಲೂ ಯಾರದೂ ತಕರಾರಿಲ್ಲ.

ತಮ್ಮ ಯೋಗಿರಾಜನದು ಸೀರೆ ಅಂಗಡಿ. ಅವನ ಹೆಂಡತಿ ಉಜ್ವಲಾ ಮಹಿಳಾ ಮಂಡಳದ ಅಧ್ಯಕ್ಷೆ, ಸಮಾಜ ಸುಧಾರಣೆಯ ಮಹಾರಾಣಿ. ಈ ಸಂಕ್ರಾಂತಿಗೆ ಆಕೆಗೆ ಜ್ಞಾನೋದಯವಾಯಿತು.

“ಛಾಯಕ್ಕಾ, ಈ ಸಲ ಹಳದಿ-ಕುಂಕುಮಕ್ಕ ಗಂಡ ಇಲ್ಲದವರನ್ನೂ ಕರ್‍ಯಾಕತ್ತೀವಿ. ಪೈಲಾ ಮಾನ ನಿಮ್ದ. ತಗೋರಿ, ಈ ಕೆಂಪ ಪೈಠಣಿ ಸೀರಿ ಉಟಗೋರಿ!”

ನನಗೆ ಅಳುವೇ ಬಂತು. ಸಂತೋಷದಲ್ಲಿ ಬುದ್ಧಿ ಕೈಕೊಟ್ಟಿತು. ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ಅದೇ ಮಧ್ಯಾಹ್ನ ಓಣಿಗೆ ಬಂದಿದ್ದಳು. ನನ್ನ ಬೂದಿ ಬಣ್ಣದ ಸೀರೆಗಳನ್ನೆಲ್ಲ, ಪೈಠಣಿ ಉಡಲೆಂದು ಆಗಷ್ಟೇ ಬಿಚ್ಚಿದ್ದನ್ನೂ ಸೇರಿಸಿ, ಅವಳ ಬುಟ್ಟಿಗೆ ಸುರಿದು ಒಂದು ಸ್ಟೀಲ್ ಡಬ್ಬಿ ತೆಗೆದುಕೊಂಡೆ. (ಮುಚ್ಚಳ ಸ್ವಲ್ಪ ಸಡಿಲು. ನನ್ನದೂ ಅಷ್ಟೇ.)

ಸಂಜೆ ಹಣೆಗೆ ಕುಂಕುಮ ಬಿತ್ತು, ಚಪ್ಪಾಳೆ ಬಿತ್ತು, ಮೊಬೈಲುಗಳಲ್ಲಿ ಫೋಟೋ ಬಿತ್ತು. ಕನ್ನಡಿಯಲ್ಲಿ ನನ್ನ ಗುರುತು ನನಗೇ ಸಿಕ್ಕಿತು.

ಕೊನೆಯ ಅತಿಥಿ ಮೆಟ್ಟಿಲಿಳಿದಳೋ ಇಲ್ಲವೋ, ಉಜ್ವಲಾ ಒಳಗೆ ಬಂದಳು.

“ಅಕ್ಕಾ, ಸೀರಿ ನೀಟ ಮಡಚಿ ಕೊಡ್ರಿ. ಅಂಗಡಿ ಮಾಲ ಐತಿ. ಟ್ಯಾಗ್ ಹರದಿಲ್ಲ ಹೌದಲ್ರಿ?”

“ಮಾನ ನಂದ ಅಂದಿದ್ದಿಯಲ್ಲ?”

“ಮಾನ ನಿಮ್ದ ರೀ. ಸೀರಿ ಗಿರಾಕಿದು.”

“ಮತ್ತ ನಾ ಏನ ಉಟಗೊಳ್ಳಿ?”

“ಅಯ್ಯ, ನಿಮ್ಮ ದಿನಾ ಉಡೂ ಸೀರಿ ಎಲ್ಲಿ ಹೋದುವು?”

ನಾನು ಡಬ್ಬಿ ತೋರಿಸಿದೆ.

ಪೈಠಣಿ ಅಂಗಡಿಗೆ ಮರಳಿತು. ನಾನು ಉಜ್ವಲಾಳ ಮ್ಯಾಕ್ಸಿ ತೊಟ್ಟು, ಹಣೆಯ ಕುಂಕುಮ ಸಮೇತ, ಖಾರದ ಭರಣಿಯ ಪಕ್ಕದಲ್ಲಿ ಕೂತೆ. ಆದರೂ ಒಂದು ಆಸೆ. ಯೋಗಿರಾಜ ಒಡಹುಟ್ಟಿದವನು, ಚಿಕ್ಕಂದಿನಲ್ಲಿ ನಾನು ಎತ್ತಿ ಆಡಿಸಿದವನು. ಕೆಂಪಲ್ಲದಿದ್ದರೆ ಅಂಗಡಿಯಿಂದ ಗುಲಾಬಿ ಸೀರೆಯನ್ನಾದರೂ ತಂದಾನು.

ತಂದ. ಹೊಚ್ಚ ಹೊಸ ಸೀರೆಯನ್ನೇ ತಂದ. ಟ್ಯಾಗನ್ನು ತನ್ನ ಕೈಯಾರೆ ಹರಿದು ನನ್ನ ಉಡಿಯಲ್ಲಿಟ್ಟ. ಬೂದಿ ಬಣ್ಣ.

“ತಗೋ ಅಕ್ಕಾ, ಖಾಸ ನಿನ್ನ ಸಲುವಾಗಿ ಆರಿಸಿ ತಂದೀನಿ,” ಎಂದ, ಮುಖ ಅರಳಿಸಿ. “ಪಕ್ಕಾ ಬಣ್ಣ. ನೀ ಇರೂತನಾ ಹೋಗೂದಿಲ್ಲ.”