ಸುಂಟರಗಾಳಿಯ ಸರ್ಕ್ಯುಲರೂ ಶಿವಣ್ಣನವರ ಗೋಡೌನೂ

ಮಾತು ಬಿಡುವುದರಲ್ಲಿ ನಾನು ಎಷ್ಟು ಚುರುಕೋ, ಬಿಟ್ಟ ಮಾತನ್ನು ಮತ್ತೆ ಆಡುವುದರಲ್ಲಿ ಅಷ್ಟೇ ಸೋಮಾರಿ. ನನ್ನ ಹೆಂಡತಿ ಇದಕ್ಕೆ ಜಂಬ ಎನ್ನುತ್ತಾಳೆ. ನಾನು ಸಂಕೋಚ ಎಂದು ಹೆಸರಿಟ್ಟುಕೊಂಡು ಆಯುಷ್ಯದ ಬಹುಭಾಗ ಕಳೆದಿದ್ದೇನೆ. ಈ ಸಂಕೋಚವನ್ನು ಬಿಡಿಸಲು ಒಮ್ಮೆ ಗಾಳಿಯೇ ಬರಬೇಕಾಯಿತು. ಅದೂ ಸಾಮಾನ್ಯ ಗಾಳಿಯಲ್ಲ, ಹೆಡ್ ಆಫೀಸಿನಿಂದ ಮುಂಚಿತವಾಗಿ ಸರ್ಕ್ಯುಲರ್ ಕಳಿಸಿ ಬಂದ ಗಾಳಿ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮೂಡಿಗೆರೆಯಲ್ಲಿ ಒಂದು ವಿಮಾ ಕಂಪನಿಯ ಶಾಖೆಯಲ್ಲಿ ನಾನು ಹೆಡ್ ಕ್ಲರ್ಕ್. ನಮ್ಮ ಕಚೇರಿ ಹಳೆಯ ಹಂಚಿನ ಕಟ್ಟಡದ ಮಹಡಿಯ ಮೇಲಿತ್ತು, ನೆಲಕ್ಕೆ ಮರದ ಹಲಗೆ. ಕೆಳಗೆ ಕಟ್ಟಡದ ಮಾಲೀಕರಾದ ಶಿವಣ್ಣನವರ ಅಂಗಡಿ. ಎಸ್ಟೇಟುಗಳಿಗೆ ಬೇಕಾದ ಕಂಬಳಿ, ಹಗ್ಗ, ಗಮ್ ಬೂಟು, ಪ್ಲಾಸ್ಟಿಕ್ ಹಾಳೆ ಎಲ್ಲ ಅಲ್ಲಿ ಸಿಗುತ್ತಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಅವರು ಹಗ್ಗ ಅಳೆಯುವ ಕೋಲಿನಿಂದ ನನ್ನ ಕುರ್ಚಿಯ ಕೆಳಗಿನ ಹಲಗೆಗೆ ಎರಡು ಸಲ ಕುಟ್ಟುತ್ತಿದ್ದರು. ಕಾಫಿ ಬಂದಿದೆ ಎಂದು ಅರ್ಥ. ನಾನು ಫೈಲು ಮುಚ್ಚಿ ಇಳಿಯುತ್ತಿದ್ದೆ. ಹತ್ತು ವರ್ಷ ಹೀಗೆ ನಡೆಯಿತು. ಈಗ ಯೋಚಿಸಿದರೆ ಆ ಕಚೇರಿಯಲ್ಲಿ ನಾನು ತಪ್ಪದೆ ಮಾಡಿದ ಕೆಲಸ ಅದೊಂದೇ.

ಎಲ್ಲ ಕೆಟ್ಟದ್ದು ಒಂದು ಆಷಾಢದಲ್ಲಿ. ಪಾಲಿಸಿದಾರರು ಮೂಲೆಗೆ ಒರಗಿಸಿಡುತ್ತಿದ್ದ ಕೊಡೆಗಳ ನೀರು ಹಲಗೆಯ ಸಂದಿನಿಂದ ಶಿವಣ್ಣನವರ ಕಂಬಳಿ ಕಟ್ಟುಗಳ ಮೇಲೆ ಇಳಿಯುತ್ತಿತ್ತು. ಅವರು ಒಂದು ಒದ್ದೆ ಕಂಬಳಿ ಹಿಡಿದು ಮೇಲೆ ಬಂದರು. "ನೋಡಿ ಸಾರ್, ಇಡೀ ಕಟ್ಟು ತೊಪ್ಪೆಯಾಗಿದೆ. ಕೊಡೆ ಹೊರಗಿಡಿಸಿ ಅಂತ ಎಷ್ಟು ಸಲ ಹೇಳ್ಬೇಕು?" ಕಚೇರಿ ತುಂಬ ಜನ. ಜನ ಕಂಡರೆ ನನ್ನ ನಾಲಿಗೆ ತುರಿಸುತ್ತದೆ. "ಕಂಬಳಿ ಇರೋದೇ ಮಳೇಲಿ ನೆನೆಯೋಕಲ್ವಾ ಶಿವಣ್ಣೋರೇ? ನಾವು ಟೆಸ್ಟ್ ಮಾಡಿ ಕೊಟ್ಟಿದೀವಿ ಅಂದ್ಕೊಳ್ಳಿ" ಎಂದೆ. ಎಲ್ಲರೂ ಗೊಳ್ಳೆಂದರು. ಶಿವಣ್ಣನವರು ನಗಲಿಲ್ಲ. ನನ್ನನ್ನೊಮ್ಮೆ ನೋಡಿ, ಕಂಬಳಿ ಮಡಚಿಕೊಂಡು ಇಳಿದು ಹೋದರು. ಮಾರನೆಯ ದಿನ ಹನ್ನೊಂದಕ್ಕೆ ಹಲಗೆ ಸುಮ್ಮನಿತ್ತು. ಎರಡು ವರ್ಷ ಸುಮ್ಮನಿತ್ತು. ಹನ್ನೊಂದಾದರೆ ನನ್ನ ಕಿವಿ ತಾನಾಗಿ ನೆಲದ ಕಡೆ ಹೋಗುತ್ತಿತ್ತು. ಆದರೂ ಕೆಳಗೆ ಹೋಗಿ ತಪ್ಪಾಯಿತು ಅನ್ನಲು ಬಾಯಿ ಬರಲಿಲ್ಲ.

ಹೀಗಿರುವಾಗ ಸರ್ಕ್ಯುಲರ್ ಬಂತು. 'ಸುಂಟರಗಾಳಿ ಬಂದಾಗ ಕಚೇರಿ ಸಿಬ್ಬಂದಿ ಅನುಸರಿಸಬೇಕಾದ ಕ್ರಮ'. ನಮ್ಮ ಕಡೆ ಸುಂಟರಗಾಳಿ ಎಂದರೆ ಫೆಬ್ರವರಿಯಲ್ಲಿ ತರಗೆಲೆಗಳನ್ನು ನಾಲ್ಕು ಸುತ್ತು ತಿರುಗಿಸಿ ಸುಸ್ತಾಗುವ ಗಾಳಿ. ಇಷ್ಟು ಗುಡ್ಡಗಳ ನಡುವೆ ದೊಡ್ಡದು ಬಂದರೂ ತಿರುಗಲು ಜಾಗ ಬೇಡವೇ? ಹೆಡ್ ಆಫೀಸಿನವರು ಅದನ್ನೆಲ್ಲ ಕೇಳುವುದಿಲ್ಲ. ಎಚ್ಚರಿಕೆಯ ಸೈರನ್ ಕೂಗಿದ ಕೂಡಲೇ ಎಲ್ಲರೂ ಕಟ್ಟಡದ ಅತಿ ಕೆಳಗಿನ ಅಂತಸ್ತಿಗೆ ಇಳಿದು, ಕಿಟಕಿಯಿಲ್ಲದ ನಡುಕೋಣೆಯಲ್ಲಿ ಮುದುಡಿ ಕುಳಿತು ತಲೆ ಮುಚ್ಚಿಕೊಳ್ಳಬೇಕು. ಸೈರನ್ ಬದಲು ಅಟೆಂಡರ್ ತಿಮ್ಮಪ್ಪ ಊಟದ ತಟ್ಟೆಗೆ ಚಮಚದಿಂದ ಬಡಿಯುವುದೆಂದಾಯಿತು. ಕಿಟಕಿಯಿಲ್ಲದ ನಡುಕೋಣೆ ಇಡೀ ಕಟ್ಟಡದಲ್ಲಿ ಒಂದೇ, ಶಿವಣ್ಣನವರ ಕಂಬಳಿ ಗೋಡೌನು. "ನೀವೇ ಸೇಫ್ಟಿ ಆಫೀಸರ್. ಕೆಳಗಿನೋರ ಒಪ್ಪಿಗೆ ತಗೊಳ್ಳಿ, ನಿಮಗೆ ಹಳೇ ಪರಿಚಯ ಅಲ್ವಾ" ಎಂದರು ಹೊಸದಾಗಿ ಬಂದ ಮ್ಯಾನೇಜರು.

ಒಪ್ಪಿಗೆ ಕೇಳುವುದನ್ನು ತಪ್ಪಿಸಿಕೊಳ್ಳಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಮೇಜಿನ ಕೆಳಗೆ ಅಡಗಬಹುದೇ ಎಂದು ಖುದ್ದಾಗಿ ನುಗ್ಗಿ ನೋಡಿದೆ. ನನ್ನನ್ನು ಹೊರಗೆಳೆಯಲು ತಿಮ್ಮಪ್ಪ ಬರಬೇಕಾಯಿತು. ಐದು ಮೆಟ್ಟಿಲು ಇಳಿದು, ಏನೋ ಮರೆತವನಂತೆ ಮತ್ತೆ ಹತ್ತಿದ್ದು ಎಷ್ಟು ಸಲವೋ. ಫೈಲಿನಲ್ಲಿ ಮಾತ್ರ 'ಒಪ್ಪಿಗೆ ಪಡೆಯಲಾಗುತ್ತಿದೆ' ಎಂದು ಬರೆದಿಟ್ಟೆ. "ಗಾಳಿ ಬಂದ್ರೆ ಪಡೆಯಲಾಗುತ್ತಿರೋ ಒಪ್ಪಿಗೆ ಕೆಳಗೆ ಕೂತ್ಕೋತೀರಾ?" ಎಂದು ಹೆಂಡತಿ ಕೇಳಿದಳು.

ಏಪ್ರಿಲ್‌ನಲ್ಲಿ, ಕಾಫಿಗೆ ಹೂಮಳೆ ಬೀಳುವ ದಿನಗಳಲ್ಲಿ, ಒಂದು ಮಧ್ಯಾಹ್ನ ಆಕಾಶ ಕಪ್ಪಾಯಿತು. ಕಟ್ಟಡದ ಹಿಂದಿನ ಸಿಲ್ವರ್ ಓಕ್ ಮರವೊಂದು ಲಟಕ್ಕನೆ ಮುರಿಯಿತು. ನಮ್ಮ ಹಂಚುಗಳು ಒಂದೊಂದಾಗಿ ಎದ್ದು ಹೋಗತೊಡಗಿದವು. ಅದು ಸುಂಟರಗಾಳಿಯೋ ಬರೀ ಗಾಳಿಯೋ ನನಗೆ ಇಂದಿಗೂ ಗೊತ್ತಿಲ್ಲ. ತಿಮ್ಮಪ್ಪ ತಟ್ಟೆ ಬಡಿದ. ಬಾಗಿಲಲ್ಲಿ "ನೀವು ಮೊದ್ಲು ಹೋಗಿ ಸಾರ್", "ಇಲ್ಲ, ಮೇಡಂ ಹೋಗ್ಲಿ" ಎಂಬ ಉಪಚಾರ ನಡೆಯುತ್ತಿರುವಾಗಲೇ ಕೆಳಗಿನಿಂದ ಶಿವಣ್ಣನವರ ದನಿ ಬಂತು. "ಅಲ್ಲೇನ್ ಮಾಡ್ತಿದೀರಾ? ಇಳೀರಿ ಎಲ್ಲ, ಗೋಡೌನ್ ತೆಗ್ದಿದೀನಿ." ಎಲ್ಲರೂ ಇಳಿದರು. ಕೊನೆಯವನಾದ ನಾನು ಗೋಡೌನಿನ ಹೊಸ್ತಿಲಲ್ಲಿ ನಿಂತುಬಿಟ್ಟೆ. ತಲೆಯ ಮೇಲೆ ಮಾಡು ಹಾರುತ್ತಿದೆ, ನಾನು ನನ್ನನ್ನು ಕರೆದರೋ ಇಲ್ಲವೋ ಎಂದು ಯೋಚಿಸುತ್ತಿದ್ದೇನೆ. "ನಿಮಗೆ ಬೇರೆ ಸರ್ಕ್ಯುಲರ್ ಬರ್ಬೇಕಾ?" ಎಂದು, ತಿಮ್ಮಪ್ಪನಿಂದ ಎಲ್ಲ ಮೊದಲೇ ಕೇಳಿದ್ದ ಶಿವಣ್ಣನವರು ನನ್ನ ತೋಳು ಹಿಡಿದು ಒಳಗೆಳೆದು, ಎಲ್ಲರ ತಲೆಯ ಮೇಲೂ ಒಂದೊಂದು ಹೊಸ ಕಂಬಳಿ ಹಾಕಿ, ನನ್ನ ಪಕ್ಕದಲ್ಲೇ ಕುಳಿತರು.

ಕಂಬಳಿಯೊಳಗೆ ಕತ್ತಲು, ಉಣ್ಣೆಯ ವಾಸನೆ, ಹಿಂಬದಿಯ ಜಿಂಕ್ ಶೀಟಿನ ಮೇಲೆ ಆಲಿಕಲ್ಲಿನ ಬಡಿತ. ಮುಖ ಕಾಣುವುದಿಲ್ಲವಾದ್ದರಿಂದ ಧೈರ್ಯ ಬಂತು. "ಅವತ್ತು ಹಾಗೆ ಅನ್ನಬಾರ್ದಿತ್ತು" ಎಂದು ಪಿಸುಗುಟ್ಟಿದೆ. "ಏನು? ಕೇಳಿಸ್ಲಿಲ್ಲ" ಎಂದರು. ಸ್ವಲ್ಪ ಜೋರಾಗಿ ಹೇಳಿದೆ. "ಆಲಿಕಲ್ಲು ಸಾರ್, ಜೋರಾಗಿ ಹೇಳಿ" ಎಂದರು. ನಾನು ಶ್ವಾಸಕೋಶದಲ್ಲಿದ್ದ ಗಾಳಿಯನ್ನೆಲ್ಲ ಸೇರಿಸಿ, "ನಾಲ್ಕು ಜನರ ಎದುರು ನಿಮ್ಮನ್ನ ನಗೆಪಾಟಲು ಮಾಡಿದೆ ಶಿವಣ್ಣೋರೇ, ನಂದೇ ತಪ್ಪು" ಎಂದು ಕಿರುಚುವುದಕ್ಕೂ ಆಲಿಕಲ್ಲು ಟಕ್ಕನೆ ನಿಲ್ಲುವುದಕ್ಕೂ ಸರಿಹೋಯಿತು. ಕಂಬಳಿಗಳ ಒಳಗಿನಿಂದ ಬಾಗಿಲಿನ ಬೆಳಕಿಗೆ ಒಂದೊಂದೇ ತಲೆ ಹೊರಬಂತು. ಮ್ಯಾನೇಜರು ನನ್ನನ್ನೇ ನೋಡುತ್ತಿದ್ದರು. ತಿಮ್ಮಪ್ಪ ತಟ್ಟೆಯಿಂದ ಮುಖ ಮುಚ್ಚಿಕೊಂಡು ನಗುತ್ತಿದ್ದ. "ಮೊದಲನೇ ಸಲಾನೇ ಕೇಳಿಸಿತ್ತು ಮಾರಾಯ್ರೆ" ಎಂದರು ಶಿವಣ್ಣನವರು ಮೆಲ್ಲಗೆ. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಎರಡರ ತಪ್ಪನ್ನೂ ಕಂಬಳಿಯ ಧೂಳಿನ ಮೇಲೆ ಹಾಕಿದೆ.

ಆ ಕಟ್ಟಡ ಈಗಿಲ್ಲ, ಶಿವಣ್ಣನವರೂ ಇಲ್ಲ. ಚಿಕ್ಕಮಗಳೂರಿನ ಗಾಜಿನ ಕಚೇರಿಗಳಲ್ಲಿ ತುರ್ತು ನಿರ್ಗಮನದ ಬಾಗಿಲ ಮೇಲೆ ಓಡಿಹೋಗುವ ಮನುಷ್ಯನ ಹಸಿರು ಚಿತ್ರ ಕಂಡಾಗಲೆಲ್ಲ, ಇವನು ಯಾರ ಗೋಡೌನಿಗೆ ಓಡುತ್ತಿದ್ದಾನೋ ಎಂದುಕೊಳ್ಳುತ್ತೇನೆ. ಗಾಳಿಯ ಮಾರನೆಯ ದಿನ ಹೆಡ್ ಆಫೀಸಿಗೆ ವರದಿ ಕಳಿಸಬೇಕಿತ್ತು. 'ಎಲ್ಲ ಸಿಬ್ಬಂದಿ ಆಶ್ರಯ ಸೇರಲು ಹಿಡಿದ ಸಮಯ' ಎಂಬ ಕಾಲಂನಲ್ಲಿ ನಾಲ್ಕು ನಿಮಿಷ ಎಂದು ತುಂಬಿ, ಕೆಳಗೆ ಕಾಫಿಗೆ ಕುಳಿತಾಗ ಶಿವಣ್ಣನವರಿಗೆ ಹೆಮ್ಮೆಯಿಂದ ಓದಿ ಹೇಳಿದೆ. ಅವರು ಲೋಟ ಕೆಳಗಿಟ್ಟರು.

"ಆ ನಾಲ್ಕು ನಿಮಿಷದಲ್ಲಿ ನಿಮ್ದೂ ಸೇರಿದ್ಯಾ ಸಾರ್?"

"ಆ ಕಾಲಂನಲ್ಲಿ ನಿಮಿಷ ಮಾತ್ರ ಬರೀಬೇಕು ಶಿವಣ್ಣೋರೇ, ವರ್ಷಕ್ಕೆ ಜಾಗ ಕೊಟ್ಟಿಲ್ಲ" ಎಂದೆ.