ಸಂಕೇಶ್ವರದ ಸಿಲಿಂಡರ್ ಸಮರ

ಕಂಡವರು ಒಬ್ಬರೂ ಇಲ್ಲದಿದ್ದರೂ ಕೇಳಿದವರು ಕೋಟಿ ಇರುವ ಸುದ್ದಿಗಳ ಅಧಿದೇವತೆಯೇ, ಸಹಸ್ರಜಿಹ್ವೆಯೇ, ಶತಗ್ರೂಪ್‌ಸಂಚಾರಿಣಿಯೇ, ಹೇ ವದಂತೀದೇವಿ, ಈ ಬಡ ಕಥನಕಾರನ ನಾಲಗೆಯ ಮೇಲೆ ಅರೆಗಳಿಗೆ ಕುಳಿತುಕೋ. ಬೆರಳ ತುದಿಯಿಂದ ಲೋಕವನ್ನೇ ಮೇಲಕ್ಕೂ ಕೆಳಕ್ಕೂ ಸರಿಸಬಲ್ಲ ಈ ಮೊಬೈಲ್ ಯುಗದಲ್ಲಿ, ಪುಣೆ–ಬೆಂಗಳೂರು ಹೆದ್ದಾರಿಯ ದಂಡೆಯ ಸಂಕೇಶ್ವರವೆಂಬ ಪುರದಲ್ಲಿ, ಹತ್ತಡಿ ಅಗಲದ ರೇಡಿಯಂ ಅಂಗಡಿಯನ್ನೇ ಸಾಮ್ರಾಜ್ಯವಾಗಿ ಆಳುತ್ತಿದ್ದ ಸ್ಟಿಕರ್‌ಕರ್ತನಕೋವಿದ, ನಂಬರ್‌ಪ್ಲೇಟ್‌ಲೇಖನನಿಪುಣ, ಸ್ವಂತವಾಹನವಿಹೀನ ಗುರುಪಾದ ನೇರ್ಲಿಯ ಮಹಾಸಮರವನ್ನು ನಾನೀಗ ಹೇಳಬೇಕಾಗಿದೆ.

ಇಪ್ಪತ್ತಾರು ವರ್ಷಗಳಿಂದ ಪರರ ವಾಹನಗಳ ಮೇಲೆ ಹುಲಿ, ಹದ್ದು, ತಾಯಿಯ ಆಶೀರ್ವಾದಗಳನ್ನು ಅಂಟಿಸುತ್ತ ಬಂದ ಗುರುಪಾದ ಒಮ್ಮೆಯೂ ಸ್ಟೀರಿಂಗ್ ಹಿಡಿದವನಲ್ಲ. ವಾಹನದ ಬಗ್ಗೆ ತನಗೆ ಗೊತ್ತಿರುವುದು ಅದರ ಚರ್ಮವಷ್ಟೇ ಎಂಬುದು ಅವನಿಗೇ ಗೊತ್ತಿತ್ತು. ಆದರೆ ಗೊತ್ತಿಲ್ಲದ ವಿಷಯದಲ್ಲಿಯೇ ಅವನ ಕಂಠ ಮೇಘಗಂಭೀರವಾಗುತ್ತಿತ್ತು. ಇದಕ್ಕೆ ಅವನೇನು ಮಾಡಿಯಾನು?

ಒಂದು ಮಂಗಳವಾರ ವದಂತೀದೇವಿ ಅವನ ಮೊಬೈಲಿನಲ್ಲಿ ಅವತರಿಸಿದಳು. ಸಪ್ತಸಾಗರದಾಚೆಯ ಕಂಪನಿಯೊಂದು ಹೊಸ ಐಷಾರಾಮಿ ಗಾಡಿ ತರುತ್ತಿದೆಯಂತೆ. ಬೆಟ್ಟ ಹತ್ತಲೆಂದು, ಹೊಳೆ ದಾಟಲೆಂದು ಹುಟ್ಟಿಯೂ ಕೊಂಡವರ ದೆಸೆಯಿಂದ ಕಲ್ಯಾಣಮಂಟಪಗಳ ಮುಂದೆಯೇ ಆಯುಷ್ಯ ಕಳೆಯುವ ಜಾತಿಯ ಗಾಡಿ ಅದು. ಇದುವರೆಗೆ ಅದರ ಎದೆಯೊಳಗೆ ಎಂಟು ಸಿಲಿಂಡರಿನ ಇಂಜಿನ್ ಗರ್ಜಿಸುತ್ತಿತ್ತು. ಇನ್ನು ಮುಂದೆ ಆರೇ ಸಿಲಿಂಡರಂತೆ, ಜೊತೆಗೊಂದು ಬ್ಯಾಟರಿಯಂತೆ.

ಗುರುಪಾದ ಆ ‘ಅಂತೆ’ಗಳನ್ನೆಲ್ಲ ಕಿತ್ತೊಗೆದು ಪಕ್ಕದ ಗ್ಯಾರೇಜಿಗೆ ನಡೆದನು. ಅಲ್ಲಿ ಗ್ರೀಸ್‌ಲಿಪ್ತಬಾಹು, ಸ್ಪ್ಯಾನರ್‌ಪಾಣಿ, ಮೂವತ್ತು ವರ್ಷಗಳ ಗೆಳೆಯ ದಸ್ತಗೀರ ಮಕಾನದಾರ ಮಿಸ್ತ್ರಿ ಟೆಂಪೊ ಒಂದರ ಕೆಳಗೆ ಮಲಗಿದ್ದನು.

“ಕೇಳಪಾ ದಸ್ತಗೀರ. ಎಂಟರ ಕಾಲ ಮುಗೀತು. ಇನ್ನ ಆರs. ನಾ ಹೇಳಾಕತ್ತೇನಿ, ಬರದಿಟ್ಟುಕೋ.”

ಟೆಂಪೊದ ಕೆಳಗಿನಿಂದ ಪಾತಾಳಧ್ವನಿಯೊಂದು ಎದ್ದಿತು. “ಅಷ್ಟು ದೊಡ್ಡ ಗಾಡಿನ ಆರು ಎಳಿತಾವೇನೋ? ಎಂಟನ್ನ ಯಾರೂ ತಗಿಯಂಗಿಲ್ಲ. ನೀ ಸ್ಟಿಕರ್ ಹಚ್ಚಾಂವ, ಸ್ಟಿಕರ್ ಹಚ್ಚು.”

ಈ ಮಾತು ಬಾಣದಂತೆ ನಾಟಿತು, ಯಾಕೆಂದರೆ ಅದು ನಿಜವಾಗಿತ್ತು. ಟೆಂಪೊದವರು, ಟೈರಿನವರು, ಎಳನೀರಿನವರು ಸೇರಿದ ಆ ಸಭೆಯಲ್ಲಿ ಘೋರ ಪ್ರತಿಜ್ಞೆಯೊಂದು ನಡೆದುಹೋಯಿತು. ಸೋತವನು ಗೆದ್ದವನ ಅಂಗಡಿಯ ಮುಂದೆ ನಿಂತು, ‘ನನಗ ಇಂಜಿನ್ ತಿಳಿಯಂಗಿಲ್ಲ’ ಎಂದು ಮೂರು ಸಲ ಕೂಗಬೇಕು. ಅಂದಿನಿಂದ ಹನ್ನೊಂದು ದಿನ ಅವರಿಬ್ಬರೂ ಮಾತಾಡಲಿಲ್ಲ. ನಡುವಿನ ಗೋಡೆ ಒಂದೇ ಇಟ್ಟಿಗೆಯ ದಪ್ಪದ್ದು. ಅತ್ತ ದಸ್ತಗೀರ ಕೆಮ್ಮಿದರೆ ಇತ್ತ ಗುರುಪಾದ ಕತ್ತರಿ ನಿಲ್ಲಿಸಿ ಕೇಳುತ್ತಿದ್ದ, ಆಮೇಲೆ ಕೇಳಿದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದ.

ಹನ್ನೆರಡನೆಯ ದಿನ ಮಧ್ಯಾಹ್ನ, ಎದುರಿನ ಖಾನಾವಳಿಯ ಮುಂದೆ ವಾಹನವೊಂದು ಬಂದು ನಿಂತಿತು. ಐರಾವತಕಾಯದ ಅದರ ಮೈತುಂಬ, ಆಕಾರವೇ ತಿಳಿಯದಂತೆ, ಕಪ್ಪು ಬಿಳುಪು ಸುರುಳಿಗಳ ಸ್ಟಿಕರ್. ಪೇಟೆಗೆ ಬರುವ ಮುಂಚೆ ಕಂಪನಿಯವರು ಹೀಗೆ ಮುಸುಕು ಹಾಕಿ ಗಾಡಿ ಓಡಿಸಿ ಪರೀಕ್ಷೆ ಮಾಡುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಮೊಬೈಲಿನಲ್ಲಿ ಸುದ್ದಿಯಾದ ಗಾಡಿಯೇ ಇದು ಎಂದು, ಅದರ ಗಾತ್ರ ನೋಡಿಯೇ ಇಬ್ಬರೂ ನಿಶ್ಚಯಿಸಿಕೊಂಡರು. ಗುರುಪಾದ ಕತ್ತರಿಸಮೇತನಾಗಿ, ದಸ್ತಗೀರ ಸ್ಪ್ಯಾನರ್‌ಸಮೇತನಾಗಿ, ಒಬ್ಬರನ್ನೊಬ್ಬರು ನೋಡದೆ, ಸಮಾನ ವೇಗದಲ್ಲಿ ರಸ್ತೆ ದಾಟಿದರು.

ಚಾಲಕ ತುಮಕೂರು ಕಡೆಯ ಕೆಂಪರಾಜು ಎಂಬವನು, ಕೈ ತೊಳೆಯುತ್ತ ನಿಂತಿದ್ದನು.

“ಇದಕ್ಕ ಎಷ್ಟು ಸಿಲಿಂಡರ್ರಿ?” ಇಬ್ಬರೂ ಒಂದೇ ಉಸಿರಿನಲ್ಲಿ ಕೇಳಿದರು.

“ಅಯ್ಯೋ, ನಂಗೇನ್ ಗೊತ್ತಣ್ಣ. ಬಾನೆಟ್ಟಿಗೆ ಸೀಲ್ ಹಾಕವ್ರೆ. ಓಡ್ಸೋದಷ್ಟೇ ನಮ್ ಕೆಲ್ಸ.” ಆಮೇಲೆ ಅವನ ಕಣ್ಣು ಗುರುಪಾದನ ಕತ್ತರಿಯ ಮೇಲೆ ಬಿತ್ತು. “ನೀವು ಸ್ಟಿಕರ್‌ನೋರಾ? ಹಿಂದ್ಗಡೆ ಒಂದ್ಕಡೆ ಬಿಟ್ಕಂಡೈತೆ, ಒಸಿ ಅಂಟಿಸ್ಕೊಡಿ ಅಣ್ಣ. ಊಟ ಮುಗಿಸ್ ಬತ್ತೀನಿ.”

ಗಾಡಿಯ ಹಿಂಬಾಗಿಲಿನ ಬಲಮೂಲೆಯಲ್ಲಿ ಸ್ಟಿಕರ್ ಕೆಳಗಿನಿಂದ ಎದ್ದು ಮಡಚಿಕೊಂಡಿತ್ತು. ಅದರಡಿಯಲ್ಲಿ ಬೆಳ್ಳಿಯಂತೆ ಹೊಳೆಯುತ್ತಿದ್ದದ್ದು ಇಂಗ್ಲಿಷಿನ ‘ವಿ’ ಅಕ್ಷರ. ಪಕ್ಕದಲ್ಲಿ, ಸಿಲಿಂಡರುಗಳ ಸಂಖ್ಯೆ ಬರೆಯುವ ಜಾಗದಲ್ಲಿ, ಒಂದು ಅಂಕಿಯ ಕೆಳಗಿನರ್ಧ: ಒಂದು ಸೊನ್ನೆ, ದುಂಡಗೆ, ನಿರ್ವಿಕಾರವಾಗಿ.

“ಆರು,” ಎಂದನು ಗುರುಪಾದ.

“ಎಂಟು,” ಎಂದನು ದಸ್ತಗೀರ. ಹನ್ನೊಂದು ದಿನಗಳ ಮೇಲೆ ಅವರಾಡಿದ ಮೊದಲ ಮಾತು ಅದೇ.

ಆರರ ಬುಡವೂ ಅಷ್ಟೇ ದುಂಡಗೆ, ಎಂಟರ ಬುಡವೂ ಅಷ್ಟೇ ದುಂಡಗೆ. ಇನ್ನೊಂದು ಹೆಬ್ಬೆರಳಿನಷ್ಟು ಎತ್ತಿದರೆ ಸಾಕು. ಗುರುಪಾದನ ಉಗುರು ಸ್ಟಿಕರಿನಂಚಿನ ಕೆಳಗೆ ಹೊಕ್ಕಿತು. ಜಯಲಕ್ಷ್ಮಿ ಮಾಲೆ ಹಿಡಿದು ಆ ಉಗುರಿನ ತುದಿಯಲ್ಲಿಯೇ ನಿಂತಿದ್ದಳು.

ಅವನು ಓರೆಗಣ್ಣಿನಿಂದ ಗೆಳೆಯನನ್ನು ನೋಡಿದನು. ಎಂಟು ಎಂದು ಅಬ್ಬರಿಸಿದವನು ಮತ್ತೆ ಮತ್ತೆ ಹಿಂದಿರುಗಿ ನೋಡುತ್ತಿದ್ದನು. ಅವನ ಹಿಂದೆ, ರಸ್ತೆಯಾಚೆ, ಗ್ಯಾರೇಜಿನ ಮುಂದೆ ಮೂರು ಗಾಡಿಗಳವರು ಕಾಯುತ್ತ ಕುಳಿತಿದ್ದರು. ನನಗೆ ಇಂಜಿನ್ ತಿಳಿಯುವುದಿಲ್ಲ ಎಂದು ತಾನು ಮೂರು ಸಲವಲ್ಲ, ಮುನ್ನೂರು ಸಲ ಕೂಗಿದರೂ ಊರಿಗೆ ಅದು ಹೊಸ ಸುದ್ದಿಯಲ್ಲ. ಅದೇ ಮಾತನ್ನು ದಸ್ತಗೀರ ಆ ಮೂವರ ಮುಂದೆ ಕೂಗಿದರೆ? ಅವನ ಕೈಗೆ ನಾಳೆಯಿಂದ ಯಾರು ಗಾಡಿ ಕೊಟ್ಟಾರು?

ಸತ್ಯಾನ್ವೇಷಣಧುರಂಧರನಾದ ಗುರುಪಾದ ಉಗುರನ್ನು ಮೆಲ್ಲನೆ ಹಿಂದೆ ತೆಗೆದನು. ಜೇಬಿನ ಬಟ್ಟೆಯಿಂದ ಧೂಳು ಒರೆಸಿ, ಮಡಿಕೆ ಬಿಡಿಸಿ, ನಡುವಿನಿಂದ ಅಂಚಿಗೆ, ಒಂದು ಗುಳ್ಳೆಯೂ ಉಳಿಯದಂತೆ ಹೆಬ್ಬೆರಳಿನಿಂದ ಒತ್ತಿದನು. ಜೀವಮಾನದಲ್ಲಿ ಅಷ್ಟು ಚಂದವಾಗಿ ಅವನು ಯಾವುದನ್ನೂ ಅಂಟಿಸಿರಲಿಲ್ಲ. ಲೋಕವೇ ಕಾಯುತ್ತಿದ್ದ ರಹಸ್ಯ ಅವನ ಕೈಯಿಂದಲೇ ಮುಚ್ಚಿಹೋಯಿತು.

“ಯಾಕೋ? ನೋಡೂದಿಲ್ಲೇನು?” ದಸ್ತಗೀರನ ದನಿ ಸಣ್ಣದಾಗಿತ್ತು.

“ನಾ ಸ್ಟಿಕರ್ ಹಚ್ಚಾಂವ ಅಲ್ಲೇನು? ಹಚ್ಚೀನಿ.”

ದಸ್ತಗೀರ ಬಹಳ ಹೊತ್ತು ಸ್ಪ್ಯಾನರನ್ನು ಅಂಗೈಯಲ್ಲಿ ತಿರುಗಿಸಿದನು. “ಆರಿದ್ರೂ ಇರಬಹುದಪಾ,” ಎಂದು ಕೊನೆಗೆ ಗೊಣಗಿದನು. “ಈಗಿನ ಕಂಪನಿಯವ್ರನ್ನ ನಂಬಾಕ ಬರಂಗಿಲ್ಲ.”

“ಎಂಟೂ ಇರಬಹುದು ಬಿಡು,” ಎಂದನು ಗುರುಪಾದ.

ಕೆಂಪರಾಜು ಬಂದು, ಅಂಚಿನ ಮೇಲೆ ಕೈಯಾಡಿಸಿ, ತಲೆದೂಗಿ ಗಾಡಿ ಹತ್ತಿದನು. ಇಬ್ಬರು ವೀರರೂ ಕಿವಿಯನ್ನು ಶಂಖದಂತೆ ಅಗಲಿಸಿ ಇಂಜಿನ್ನಿನ ಗರ್ಜನೆಗೆ ಕಾದರು. ಸರಿಯಾಗಿ ಆಗಲೇ ಕಬ್ಬಿನ ಟ್ರ್ಯಾಕ್ಟರೊಂದು ಸಿನಿಮಾ ಹಾಡು ಹಾಕಿಕೊಂಡು ಎದುರಿಗೆ ಬಂತು. ಅದು ದಾಟಿಹೋಗುವಷ್ಟರಲ್ಲಿ ಗಾಡಿ ಹತ್ತರಗಿಯ ದಿಕ್ಕಿನಲ್ಲಿ ಚುಕ್ಕೆಯಾಗಿತ್ತು.

ಆಗ ಗುರುಪಾದನ ಫೋನು ರಿಂಗಣಿಸಿತು. ಹೆಂಡತಿ ಶಾಂತವ್ವ.

“ಏನ್ರಿ, ಸಿಲಿಂಡರ್ ಮುಗೀತ್ರಿ. ಬ್ಯಾಳಿ ಅರ್ಧಾ ಬೆಂದೈತಿ. ಲಗೂನ ಬರ್ರಿ.”

‘ಲಗೂನ ಬರ್ರಿ’ ಎಂಬುದಷ್ಟೇ ಕೇಳಿಸಿದ ದಸ್ತಗೀರ ರಸ್ತೆ ದಾಟಿ ಗ್ಯಾರೇಜಿನ ಮೋಟರ್‌ಸೈಕಲ್ ಹೊರತೆಗೆದನು. “ಏನಂತಪಾ?”

“ಸಿಲಿಂಡರ್ ತರಬೇಕಂತ.”

“ಮನ್ಯಾಗ ಎಷ್ಟು ಅದಾವು?”

“ಒಂದು,” ಎಂದು ಗುರುಪಾದ ಹಿಂದೆ ಹತ್ತಿ ಕುಳಿತನು. “ಅದೂ ಖಾಲಿ.”