ಹೊಸಿಲಾಚೆ ಬಿಟ್ಟ ಮಾಸ್ಕು

ನಮ್ಮ ಸೋದರಮಾವನಷ್ಟು ಮರ್ಯಾದಸ್ಥ ಮನುಷ್ಯ ಮದ್ದೂರು ತಾಲ್ಲೂಕಿನಲ್ಲೇ ಇನ್ನೊಬ್ಬರಿಲ್ಲ. ಆ ಮರ್ಯಾದೆಯೇ ಎರಡು ಮನೆಗಳಿಗೆ ಜ್ವರ ಹಂಚಿತು ಎಂದು ಊರೆಲ್ಲ ಸಾರಿದವನೂ ನಾನೇ!

ಕೊರೊನಾ ಎರಡನೇ ಸಲ ಬಂದ ವರ್ಷದ ಮಾತು. ಮಾವ ಮಾಸ್ಕನ್ನು ದಿನಾ ಒಗೆದು, ಇಸ್ತ್ರಿ ಮಾಡಿ ಹಾಕಿಕೊಳ್ಳುತ್ತಿದ್ದರು. ಕಬ್ಬಿನ ಗದ್ದೆಗಳ ನಡುವೆ ಒಬ್ಬರೇ ಮೊಪೆಡ್ಡಿನಲ್ಲಿ ಬರುವಾಗ ಕಣ್ಣೆರಡು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಕೊರೊನಾ ಏನು ಕಬ್ಬಿಗೆ ಅಂಟುತ್ತದೆಯೇ? ಆದರೆ ಯಾರದೇ ಮನೆಗೆ ಹೋದರೂ ಹೊಸಿಲಾಚೆ ಚಪ್ಪಲಿ ಬಿಟ್ಟು, ಅದರ ಪಕ್ಕದಲ್ಲೇ ಮಾಸ್ಕನ್ನೂ ಮಡಿಸಿಟ್ಟು ಒಳಗೆ ಹೋಗುತ್ತಿದ್ದರು. ಹಿರಿಯರೆದುರು ತಲೆಯ ಟವೆಲು ಇಳಿಸಿ ಬೆಳೆದವರು. ನಾನು ಆಕ್ಷೇಪಿಸಿದರೆ, "ಮೊಕ ಮುಚ್ಕಂಡು ಒಳೀಕೆ ಬರಾಕೆ ನಾನೇನ್ ಕಳ್ಳನೇನ್ಲಾ?" ಎಂದರು.

ಸೋಮವಾರ ಹನಕೆರೆಯ ಮಗಳ ಮನೆಗೆ ಬ್ರೆಡ್ಡು ಹಿಡಿದು ಹೋದರು. ಜ್ವರದ ಅಳಿಯನ ಹಣೆ ಮುಟ್ಟಿ, ಮಂಚದ ಮೇಲೇ ಕೂತು ಒಂದು ಗಂಟೆ ಧೈರ್ಯ ಹೇಳಿದರು. ಗುರುವಾರ ಆ ಸಮಾಚಾರ ಮುಟ್ಟಿಸಲು ಸೋಮನಹಳ್ಳಿಯ ಬೀಗರ ಮನೆಗೆ. ಸಮಾಚಾರದ ಜೊತೆ ಇನ್ನೊಂದೂ ಮುಟ್ಟಿತು. ಭಾನುವಾರ ಬೀಗಿತ್ತಿ ಕೆಮ್ಮತೊಡಗಿದರು. ನಡುವೆ ಶುಕ್ರವಾರ ನಮ್ಮ ಮನೆ. ಹುಣಸೆಬೀಜ ಬಿಡಿಸುತ್ತಾ ತಮ್ಮ ಅಕ್ಕನ, ಅಂದರೆ ನಮ್ಮವ್ವನ ಎದುರು ಸಂಜೆಯವರೆಗೆ ಕೂತಿದ್ದರು.

ಮಂಗಳವಾರ ಅವ್ವನಿಗೆ ಜ್ವರ ಬಂತು. ಹದಿನಾರನೆಯ ದಿನ ಮಂಡ್ಯದ ಆಸ್ಪತ್ರೆಯಿಂದ ಅವಳ ಬಟ್ಟೆಯ ಚೀಲ ಮಾತ್ರ ಮನೆಗೆ ಬಂತು. ನೆಂಟರೆಲ್ಲರ ಮುಂದೆ, ಇದನ್ನು ತಂದಿಟ್ಟವರು ನೀವೇ ಎಂದು ಮಾವನಿಗೆ ಹೇಳಿದೆ. ಅವರು ಹೊಸಿಲಾಚೆ ಹೋಗಿ ಮಾಸ್ಕು ಹಾಕಿಕೊಂಡರು.

ಅಂದಿನಿಂದ ಮಾವ ಮಾಸ್ಕು ತೆಗೆಯಲಿಲ್ಲ. ಊರು ಕೊರೊನಾ ಮರೆತರೂ ತೆಗೆಯಲಿಲ್ಲ! ಮದುವೆ ಊಟದಲ್ಲಿ ಅದನ್ನು ಎತ್ತಿ ಎತ್ತಿ ತುತ್ತು ಒಳಗೆ ತಳ್ಳುವುದನ್ನು ನೋಡಲು ಮಕ್ಕಳು ಸಾಲುಗಟ್ಟುತ್ತಿದ್ದರು. ನಮ್ಮ ಮನೆಗೆ ಬಂದರೆ ಜಗಲಿಯಲ್ಲೇ ಕೂರುತ್ತಿದ್ದರು, ಹೊಸಿಲು ದಾಟುತ್ತಿರಲಿಲ್ಲ.

ನಾನು ಒಂದು ಮಾತು ಬಚ್ಚಿಟ್ಟಿದ್ದೆ. ಮಾವ ಬರುವುದಕ್ಕೆ ಎರಡು ದಿನ ಮೊದಲೇ ನನಗೆ ಗಂಟಲು ಕೆರೆಯುತ್ತಿತ್ತು. ಆ ವಾರ ಕಿಕ್ಕಿರಿದ ಬಸ್ಸಿನಲ್ಲಿ ಮಳವಳ್ಳಿಗೆ ಹೋಗಿ ಬಂದಿದ್ದೆ. ಧೂಳು ಎಂದುಕೊಂಡು ಅವ್ವನ ಪಕ್ಕದಲ್ಲೇ ಊಟಕ್ಕೆ ಕೂತಿದ್ದೆ. ಕಾಯಿಲೆ ಯಾರಿಂದ ಬಂತೆಂದು ಆಣೆ ಇಟ್ಟು ಹೇಳಲು ನನ್ನಿಂದಾಗದು.

ಕಳೆದ ವಾರ ಜಗಲಿಯಲ್ಲಿ ಕಾಫಿ ಕೊಡುತ್ತಾ ಇದನ್ನೆಲ್ಲ ಹೇಳಿಬಿಟ್ಟೆ. ಮಾವ ಲೋಟ ಕೆಳಗಿಟ್ಟರು.

"ಗೊತ್ತಿತ್ತು ಕಣ್ಲಾ. ಮಗಂಗೆ ಗಂಟ್ಲು ಕೆಟ್ಟದೆ ಅಂತ ಅವತ್ತೇ ನಿಮ್ಮವ್ವ ಏಳಿದ್ಲು."

"ಮತ್ಯಾಕೆ ಸುಮ್ನಿದ್ರಿ ಮಾವ?"

"ನಾನು ಮುದ್ಕ, ಆ ತಪ್ಪ ಒತ್ಕಂಡು ಓಯ್ತೀನಿ. ನೀನಿನ್ನೂ ಬಾಳೋನು."

ಕೈ ಹಿಡಿದು ಎಬ್ಬಿಸಿದೆ. ಚಪ್ಪಲಿ ಬಿಟ್ಟರು. ಮಾಸ್ಕಿನ ದಾರಕ್ಕೆ ಕೈ ಹಾಕಿದರು, ಕಿವಿಯಿಂದ ಬಿಡಿಸಿಕೊಳ್ಳಲು ಅವರಿಗಾಗಲಿಲ್ಲ. ನಾನೇ ಬಿಡಿಸಿ, ಮಡಿಸಿ, ಚಪ್ಪಲಿಯ ಪಕ್ಕದಲ್ಲಿಟ್ಟೆ.